ಗೊಬ್ಬರದಂಗಡಿಗೆ ಕೊಡದ ಕೊಂಬೆ

ನಮ್ಮ ಸೋದರತ್ತೆ ಕವಯಿತ್ರಿ. ಆದರೆ ಅವಳ ಒಂದು ಕವಿತೆಯನ್ನೂ ಈವರೆಗೆ ಯಾರೂ ಓದಿಲ್ಲ. ಅವಳೂ ಓದಿಲ್ಲ! ಸುಳ್ಳೆನಿಸಿದರೆ ಎಪ್ಪತ್ತರ ದಶಕದಲ್ಲಿ ಮದ್ದೂರಿನಲ್ಲಿ ಟೈಪಿಂಗ್ ಕಲಿತವರನ್ನು ಕೇಳಿ ನೋಡಿ.

ಅತ್ತೆ ಅಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಅವಳ ಸಾಹಿತ್ಯ ಶುರು. ಕಾಗದವನ್ನು ಅಡ್ಡ ಸಿಕ್ಕಿಸುವಳು, ಓರೆ ಸಿಕ್ಕಿಸುವಳು, ರೋಲರನ್ನು ಅರ್ಧರ್ಧ ತಿರುಗಿಸುವಳು. ಅಕ್ಷರಗಳು ಸಾಲು ಬಿಟ್ಟು ಓಡಿ ಕಬ್ಬಿನ ಗಾಡಿಯಾಗಿ ನಿಲ್ಲುತ್ತಿದ್ದವು. ಒಮ್ಮೆ ರಜಾ ಅರ್ಜಿಯನ್ನೂ ಹಾಗೇ ಹೊಡೆದಳು. 'ಜ್ವರ' ಎಂಬ ಪದ ಕಾಗದದ ತಳದಿಂದ ಪಾದರಸದ ಹಾಗೆ ಏರುತ್ತಾ ಏರುತ್ತಾ ಹೋಗಿ, ತುದಿಯಲ್ಲಿ 'ರಜೆ'! ಟೈಪಿಂಗ್ ಶಾಲೆಯ ಮಾಲೀಕರು ಕತ್ತು ಓರೆ ಮಾಡಿ ನೋಡಿದರು, ಕಾಗದ ಓರೆ ಮಾಡಿ ನೋಡಿದರು. ಕೊನೆಗೆ "ಪಾಪ, ತಲೆಗೇರಿದೆ" ಎಂದು ಕೇಳಿದ್ದಕ್ಕಿಂತ ಎರಡು ದಿನ ಹೆಚ್ಚೇ ಕೊಟ್ಟರು.

ಇದಕ್ಕೆಲ್ಲ ಮೊದಲು ಅತ್ತೆಯನ್ನು ಕೊಟ್ಟಿದ್ದು ಮಳವಳ್ಳಿಗೆ. ಅಲ್ಲಿ ಎರಡು ವರ್ಷ ಏಟು ತಿಂದು, ಒಂದು ಟ್ರಂಕು ಹಿಡಿದು ತವರಿಗೆ, ಕೊಕ್ಕರೆ ಬೆಳ್ಳೂರಿಗೆ ಬಂದಳು. ಕೊಕ್ಕರೆ ಬಂದರೆ ಬಾಣಂತನಕ್ಕೆ ಬಂದ ಮಗಳೆಂದು, ಅದು ಗೂಡು ಕಟ್ಟಿದ ಹುಣಸೇಮರದ ಕಾಯನ್ನೂ ಬಡಿಯದೆ ಬಿಡುವ ಊರು ಅದು. ಆದರೆ ಹೆತ್ತ ಮಗಳು ಬಂದಾಗ ನಮ್ಮಜ್ಜಿ ಬಾಗಿಲಲ್ಲೇ ನಿಂತು, "ವಾಪಸ್ಸು ಓಗು ಮಗಾ, ನಾಕು ಜನ ಏನಂದಾರು" ಎಂದಳು. ಅತ್ತೆ ಮಳವಳ್ಳಿಗೆ ಹೋಗಲಿಲ್ಲ, ಮದ್ದೂರಿನಲ್ಲಿ ಕೋಣೆ ಹಿಡಿದಳು. ಹಬ್ಬಕ್ಕೆ ನೆಂಟರಂತೆ ಬಂದು, ಉಂಡು, ಸಂಜೆ ಬಸ್ಸಿಗೆ ಹೊರಡುವಳು. ಇರು ಎಂದು ಯಾರೂ ಹೇಳುತ್ತಿರಲಿಲ್ಲ. ಅವಳ ಒಡಹುಟ್ಟಿದ ನಮ್ಮಪ್ಪನೂ ಹೇಳಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ.

ಇಂಥವಳು ಮಂಡ್ಯದ ಕವಿಗೋಷ್ಠಿಗೆ ಹೆಸರು ಕೊಟ್ಟಳು! ಅಲ್ಲೇ ಕಾಲೇಜಿನಲ್ಲಿದ್ದ ನಾನು ಚಪ್ಪಾಳೆಗಾದರೂ ಇರಲೆಂದು ಹೋದೆ. ಗಂಡುಕವಿಗಳು ಒಬ್ಬರಾದ ಮೇಲೊಬ್ಬರು ಹೆಣ್ಣಿನ ಕಣ್ಣು, ಜಡೆ, ತಾಳ್ಮೆಗಳನ್ನು ಹೊಗಳಿ ಕೂತರು. ಅತ್ತೆ ಮೈಕಿನ ಮುಂದೆ ನಾಲ್ಕು ಹಾಳೆ ಅಂಟಿಸಿದ ಕವಿತೆಯನ್ನು ಬಿಚ್ಚಿ ಹಿಡಿದಳು. ಅಕ್ಷರಗಳದೇ ಹುಣಸೇಮರ. ಕೊಂಬೆಕೊಂಬೆಗೂ 'ಕೊ' ಎಂಬ ಕೊಕ್ಕರೆಗಳು. ಒಂದು ಕೊಂಬೆ ಮಾತ್ರ ಖಾಲಿ. ಒಂದು 'ಕೊ' ಮಾತ್ರ ಕೆಳಗೆ, ನೆಲದ ಮೇಲೆ.

"ಓದಮ್ಮಾ" ಎಂದರು ಅಧ್ಯಕ್ಷರು.

"ಓದಾಕಲ್ಲ ಸ್ವಾಮಿ, ನೋಡಾಕೆ."

"ನೋಡೋದು ಕವಿತೆ ಹೇಗಾಗುತ್ತೆ?"

"ನಿಮ್ಮನೆ ಎಂಗಸ್ರು ಬೆಳಗಾಗೆದ್ದು ಬಾಗಿಲಲ್ಲಿ ರಂಗೋಲಿ ಬುಡ್ತಾರಲ್ಲ, ಅದನ್ನ ಯಾವತ್ತಾದ್ರೂ ಗಟ್ಟಿಯಾಗಿ ಓದ್ಸಿದ್ದೀರಾ? ನಾವು ಆವತ್ತಿಂದ ಬರೀತಾನೇ ಇದ್ದೀವಿ. ನೀವು ತುಳ್ಕೊಂಡು ಓಯ್ತಾ ಇದ್ದೀರಿ!"

ಹೇಳಿದ್ದಿಷ್ಟೇ. ಕೊಟ್ಟ ಐದು ನಿಮಿಷ ಬಾಯಿ ಬಿಡದೆ ನಿಂತು, ಹಾಳೆ ಸುತ್ತಿಕೊಂಡು ಇಳಿದಳು. ಅವತ್ತು ಹೊತ್ತಿಗೆ ಸರಿಯಾಗಿ ಮುಗಿಸಿದ ಕವಿ ಅವಳೊಬ್ಬಳೇ!

ಎಲ್ಲರ ಕವಿತೆಗಳೂ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಬೇಕಿತ್ತು. ಕರಡು ನೋಡಲು ಅತ್ತೆಯ ಜೊತೆ ಪ್ರೆಸ್ಸಿಗೆ ಹೋದರೆ, ಖಾಲಿ ಕೊಂಬೆಯ ಮೇಲೆ ಗೊಬ್ಬರದಂಗಡಿಯ ಜಾಹೀರಾತು ಕೂತಿದೆ!

"ಜಾಗ ಸುಮ್ಮನೆ ಹಾಳಾಗುತ್ತಲ್ಲಮ್ಮ" ಎಂದರು ಸಂಪಾದಕರು.

ಅತ್ತೆ ಅಲ್ಲಿದ್ದ ಸ್ಟೂಲೆಳೆದು ಕೂತಳು. "ಆ ಗೊಬ್ಬರದ ಮೂಟೆ ಇಳಿಸೋಗಂಟ ನಾನು ಏಳಾಕಿಲ್ಲ."

ಅಚ್ಚಿನ ಮೊಳೆ ಜೋಡಿಸುವ ಮುದುಕ ತಲೆ ಕೆರೆದುಕೊಂಡ. "ಖಾಲಿ ಜಾಗಕ್ಕೂ ಸೀಸದ ತುಂಡು ತುಂಬಬೇಕು ಕಣಮ್ಮ, ಸುಮ್ಕೆ ಬರಾಕಿಲ್ಲ."

"ಸುಮ್ಕೆ ಬರಾಕಿಲ್ಲ ಅಂತ ನಂಗೊತ್ತಿಲ್ವಾ? ತುಂಬು ಮತ್ತೆ!"

ಬೆಳಗಿನ ಕಾಫಿ ಹೋಗಿ ಮಧ್ಯಾಹ್ನದ ಊಟವೂ ತಪ್ಪಿತು. ಸಂಪಾದಕರಿಗೆ ಹಸಿವಾಯಿತು, ಅತ್ತೆಗೆ ಆಗಲಿಲ್ಲ. ಮೂರು ಗಂಟೆಗೆ ಗೊಬ್ಬರದಂಗಡಿ ಹಿಂದಿನ ಪುಟಕ್ಕೆ ಹೋಯಿತು.

ಸಂಚಿಕೆ ಬಂದಾಗ ಅತ್ತೆ ಅದನ್ನು ಬೆಳ್ಳೂರಿಗೆ ತಂದು ಅಜ್ಜಿಯ ತೊಡೆಯ ಮೇಲಿಟ್ಟಳು. ನಾನೂ ಅಲ್ಲಿದ್ದೆ. ಅಜ್ಜಿಗೆ ಅಕ್ಷರ ಬಾರದು. ಗಂಡುಕವಿಗಳನ್ನೆಲ್ಲ ಒಬ್ಬೊಬ್ಬರಾಗಿ ಮಗುಚಿ ಹಾಕಿ, ಆ ಪುಟದಲ್ಲಿ ನಿಂತಳು.

"ನಮ್ಮ ಉಣಸೇಮರ ಅಲ್ವಾ ಇದು! ಈ ಕೊಕ್ಕರೆ ಯಾಕೆ ನೆಲದಾಗೆ ನಿಂತದೆ? ಮ್ಯಾಲೆ ಕೊಂಬೆ ಖಾಲಿ ಅದಲ್ಲ?"

ಅತ್ತೆ ಅಂದಳು, "ಬಾ ಅಂತ ಯಾರೂ ಕರೀಲಿಲ್ವಲ್ಲವ್ವ."

ಅಜ್ಜಿ ಖಾಲಿ ಕೊಂಬೆಯ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಹೊರಗೆ ಸಂಜೆ ಬಸ್ಸಿನ ಹಾರ್ನ್ ಕೇಳಿಸಿತು. ಅತ್ತೆ ಅಭ್ಯಾಸದಂತೆ ಚೀಲಕ್ಕೆ ಕೈ ಹಾಕಿದಳು.

ಅಜ್ಜಿ ಆ ಕೈ ಹಿಡಿದಳು. "ಬಸ್ಸು ಓದ್ರೆ ಓಗ್ಲಿ ಬುಡು ಮಗಾ. ಮುದ್ದೆಗೆ ಎಸರಿಡ್ತೀನಿ."