ನಮ್ಮನೆಯವರು ಕಟ್ಟಿದ ಗಾಜಿನ ತೊಟ್ಟಿ

ಫೋಟೋಗಳಿಗೆ ಫ್ರೇಮ್ ಹಾಕುವ ಮನುಷ್ಯನ ಕೈ ಹಿಡಿದು ರಾಯದುರ್ಗಕ್ಕೆ ಬಂದ ದಿನದಿಂದ ನಮ್ಮ ಮನೆಯಲ್ಲಿ ಏನಾದರೊಂದು ಆಗದ ವಾರವೇ ಇಲ್ಲ. ಆಗುವಾಗ ನಾನು ಬೈತೀನಿ, ಆದಮೇಲೆ ನಗ್ತೀನಿ. ಮಗಳ ಲಗ್ನ ಆದಮೇಲೆ ಮಾತ್ರ ನಗುವ ಹೊತ್ತಿಗೆ ಸೆರಗಿಂದ ಕಣ್ಣೊರೆಸೋದೂ ಶುರುವಾಗಿದೆ. ಅದೇನು ರೋಗವೋ ಗೊತ್ತಿಲ್ಲ.

ನಮಗೆ ಒಬ್ಬಳೇ ಮಗಳು. ಲಗ್ನಕ್ಕೆ ಮುಂಚೆ ಅಪ್ಪನ ಜೊತೆ ಅಂಗಡಿಯಲ್ಲೇ ಕೂರುತ್ತಿದ್ದಳು. "ಊರಾಗಿನ ದೇವ್ರಿಗೆಲ್ಲ ಗಾಜು ಹಾಕಿಕೊಡ್ತಿ, ಮನಿಗೆ ಒಂದು ಮೀನಿನ ತೊಟ್ಟಿ ಮಾಡಾಕ ಆಗವಲ್ದು ನಿನಗ" ಅಂತ ಅಪ್ಪನನ್ನು ಕಾಡುತ್ತಿದ್ದಳು. ಇವರು "ಮಾಡೋಣ ತಾಯಿ" ಅನ್ನುತ್ತಿದ್ದರು. ಅಷ್ಟರಲ್ಲಿ ಮಡಕಶಿರದ ಕಡೆಯಿಂದ ಸಂಬಂಧ ಬಂತು. ಒಳ್ಳೆಯ ಜನ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ. ಮಗಳು ಹೋದಳು. ಹೋದವಳಿಗೆ ಹುಳ ಬಿಟ್ಟು ಬರಲು ಪುರುಸೊತ್ತೇ ಸಿಗಲಿಲ್ಲ.

ಆಗ ಇವರು ತೊಟ್ಟಿ ಮಾಡ್ತೀನಿ ಅಂತ ಹೊರಟರು. "ತೊಟ್ಟಿ ಆತು ಅಂತ ಗೊತ್ತಾದ್ರ ಸಾಕು, ನೋಡಾಕ ಓಡಿ ಬರ್ತಾಳ" ಅಂದರು. ಊರಲ್ಲೆಲ್ಲ ಮೀನು ಹಿಡಿಯಲು ಗಾಳಕ್ಕೆ ಹುಳ ಚುಚ್ಚುತ್ತಾರೆ. ಹುಳದ ಮನೆಗೆ ಹೋದ ಮಗಳನ್ನು ಹಿಡಿಯಲು ಮೀನು ಇಟ್ಟವರು ಇವರೊಬ್ಬರೇ ಇರಬೇಕು.

೧. ಕೊಂಡಿ

ಐದು ಗಾಜು. ಅಡಿಗೆ ಒಂದು, ಸುತ್ತ ನಾಲ್ಕು. ಕಟ್ಟಿಗೆ ಇಲ್ಲ, ತಗಡು ಇಲ್ಲ, ಗಾಜಿಗೆ ಗಾಜನ್ನೇ ಅಂಟಿಸಿ ನಿಲ್ಲಿಸುವುದು. ಜೀವಮಾನವೆಲ್ಲ ಫ್ರೇಮ್ ಹಾಕಿದ ಮನುಷ್ಯ ಫ್ರೇಮ್ ಇಲ್ಲದ್ದನ್ನು ಮಾಡ್ತೀನಿ ಅಂದಾಗಲೇ ನನಗೆ ಅನುಮಾನ ಬಂದಿತ್ತು.

"ಬರೀ ನೀರು ಕಾಣಬೇಕು, ಮೀನು ಕಾಣಬೇಕು. ನಡುವ ಬ್ಯಾರೆ ಏನೂ ಅಡ್ಡ ಬರಬಾರದು" ಅಂತ ಇವರ ವಾದ.

ಗಾಜು ಕತ್ತರಿಸಿದರು, ಅಂಚು ಉಜ್ಜಿ ನುಣ್ಣಗೆ ಮಾಡಿದರು. ಮಧ್ಯಾಹ್ನ ಊಟಕ್ಕೆ ಕರೆಯಲು ಅಂಗಡಿಗೆ ಹೋದೆ. ಹಿಂದಿನ ಗಾಜಿನ ಮೇಲೆ ಫೋಟೋಕ್ಕೆ ಹಚ್ಚುವ ಅಂಟುಪಟ್ಟಿಯಿಂದ ಎರಡು ಹಿತ್ತಾಳೆ ಕೊಂಡಿ ಅಂಟಿಸಿ ಕೂತಿದ್ದರು.

"ಇದೇನ್ರಿ?"

"ಕೊಂಡಿ."

"ಯಾತಕ್ಕ?"

"ಮೊಳಿಗೆ ತಗಲಿಹಾಕಾಕ..." ಅಂದವರು ಅಲ್ಲಿಗೇ ನಿಲ್ಲಿಸಿದರು.

"ಎರಡು ಕೊಡ ನೀರು, ಮ್ಯಾಲೆ ಮೀನು. ಅದನ್ನ ಒಯ್ದು ನಿಮ್ಮಪ್ಪನ ಫೋಟೋದ ಪಕ್ಕಕ್ಕ ತೂಗಹಾಕ್ತೀರೇನು?"

"ಕೈ ತಾನಾಗೇ ಅಂಟಿಸಿಬಿಟ್ಟೈತಿ, ನಾನೇನು ಮಾಡ್ಲಿ" ಅಂತ ಕೊಂಡಿ ಕೀಳತೊಡಗಿದರು. ಆಗ ನೋಡಿದೆ, ಕಣ್ಣು ಒದ್ದೆಯಾಗಿತ್ತು.

"ಯಾಕ್ರಿ, ಏನಾತು?"

"ಏನಿಲ್ಲ. ಗಾಜಿಗೆ ಹಚ್ಚೋ ಗೋಂದು ಐತಲ್ಲ, ಅದು ಹುಳಿ ಘಾಟು. ಕಣ್ಣಿಗೆ ಹತ್ತತೈತಿ."

ಗೋಂದಿನ ಕೊಳವೆ ಮೇಜಿನ ಮೇಲಿತ್ತು. ಅದರ ಬಾಯಿ ಇನ್ನೂ ಕತ್ತರಿಸೇ ಇರಲಿಲ್ಲ.

೨. ನಲ್ಲಿ ಬಂತು

ನಮ್ಮ ಓಣಿಗೆ ನಲ್ಲಿ ನೀರು ಯಾವಾಗ ಬರುತ್ತದೆ ಅಂತ ನೀರು ಬಿಡುವವನಿಗೂ ಗೊತ್ತಿರುವುದಿಲ್ಲ. ನಮಗಿರುವುದು ಒಂದೇ ಗುರುತು. ಯಾರದಾದರೂ ಮನೆಯ ಕೊಡ ತುಂಬಿ ಚರಂಡಿಯಲ್ಲಿ ತಿಳಿನೀರು ಹರಿದರೆ ನಲ್ಲಿ ಬಂದಿದೆ ಅಂತ ಅರ್ಥ. ಅಂಥ ಓಣಿಯಲ್ಲಿ ನೋಡುವುದಕ್ಕೆ ಅಂತ ನೀರು ತುಂಬಿಡುವುದು ಅಂದರೆ ನನಗೆ ಹೊಟ್ಟೆ ಉರಿಯುವುದಿಲ್ಲವೇ?

ಅಂಟಿಸಿದ ಗೋಂದು ಕೆಲವು ದಿನ ಚೆನ್ನಾಗಿ ಒಣಗಬೇಕಂತೆ. ಅದನ್ನು ಹೇಳಿದವರೂ ಇವರೇ. ಆದರೆ ಮಾರನೇ ದಿನವೇ ತಡೆಯಲಾರದೆ, ನಾನು ಗುಡಿಗೆ ಹೋದ ಹೊತ್ತು ನೋಡಿ, ಅಡಿಗೆಗೆ ಇಟ್ಟ ನೀರನ್ನೆಲ್ಲ ಸುರಿದು ಪರೀಕ್ಷೆ ಮಾಡಿದ್ದಾರೆ. ಒಂದು ಮೂಲೆ ಬಿಟ್ಟುಕೊಂಡಿತು. ನೀರು ಪಡಸಾಲೆಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಚರಂಡಿಗೆ ಇಳಿಯಿತು.

ಎದುರು ಮನೆಯ ಅಜ್ಜಿ ಕಟ್ಟೆಯ ಮೇಲಿದ್ದಳು. ಚರಂಡಿ ನೋಡಿದವಳೇ "ನೀಳ್ಳೊಚ್ಚಾಯಿ! ನೀಳ್ಳೊಚ್ಚಾಯಿ! ನಲ್ಲಿ ಬಂತ್ರೇ!" ಅಂತ ತೆಲುಗು, ಕನ್ನಡ ಎರಡರಲ್ಲೂ ಕೂಗಿದಳು.

ನಾನು ಗುಡಿಯಿಂದ ಬರುವಾಗ ಓಣಿಗೆ ಓಣಿಯೇ ಬೀದಿಯಲ್ಲಿತ್ತು. ಡ್ರಮ್ಮು ಉರುಳಿಸುವವರು, ಪೈಪು ಎಳೆಯುವವರು, ಮೋಟಾರು ಹಾಕುವವರು. ನಲ್ಲಿ ತಿರುಗಿಸಿದರೆ ಬರೀ ಬುಸ್ ಅಂತ ಗಾಳಿ. ಕಾರಣ ಏನೂ ಗೊತ್ತಿಲ್ಲದೆ ನಾನೂ ಸೆರಗು ಸಿಕ್ಕಿಸಿಕೊಂಡು ಕೊಡ ತರಲು ಓಡಿದೆ. ಒಳಗೆ ಹೋದರೆ ಇವರು ನೀರಲ್ಲಿ ನಿಂತು, ಬಿಟ್ಟುಕೊಂಡ ಮೂಲೆಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದರು. "ಲಗೂನ ಒಂದು ಅರಿವಿ ಕೊಡ" ಅಂದರು. ನಾನು ಕೊಟ್ಟಿದ್ದು ಅರಿವೆ ಒಂದೇ ಅಲ್ಲ ಬಿಡ್ರಿ.

ಚರಂಡಿಯ ಜಾಡು ಹಿಡಿದು ಅಜ್ಜಿಯೂ ಬಂದಳು. ಒಣಗಿದ ನಮ್ಮ ನಲ್ಲಿ ನೋಡಿದಳು, ಒದ್ದೆಯಾದ ನೆಲ ನೋಡಿದಳು. ನಾನು ಎಷ್ಟು ತಿಳಿಸಿ ಹೇಳಿದರೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಕಡೆಗೆ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲವ್ವ, ನೀರು ಬಿಡೋನು ನಿಮಗ ಏನಾಗಬೇಕು?" ಅಂತ ಕೇಳಿದಳು.

೩. ಹುಣಸೆ ಮರದ ಕೆಳಗೆ

ಯುಗಾದಿ ಹತ್ತಿರ ಬಂತು. ಮಗಳನ್ನು ಕರೆದುಕೊಂಡು ಬರೋಣ ಅಂತ ನಾವಿಬ್ಬರೂ ಹೊರಟೆವು. ಇವರು ಹೊರಡುವ ಮುಂಚೆ ಆ ಹಾಳು ಮೂಲೆಯನ್ನು ಕೆರೆದು ಮತ್ತೆ ಗೋಂದು ಹಚ್ಚಿಯೇ ಬಸ್ ಹತ್ತಿದ್ದು. ಕೈಗೆಲ್ಲ, ಅಂಗಿಗೆಲ್ಲ ಅದೇ ಹುಳಿ ಘಾಟು. ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ತಿರುಗಿ, ಉಪ್ಪಿನಕಾಯಿ ಏನಾದ್ರೂ ಚೆಲ್ಲೈತೇನು ನೋಡ್ರಿ ಅಂದರು. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿದರೂ ಘಾಟು ಮಾತ್ರ ನಮ್ಮ ಜೊತೆಗೇ ಬಂತು.

ಬೀಗಿತಿ ಕಾಲಿಗೆ ನೀರು ತಂದವಳು ನಾಲ್ಕು ಮಾರು ದೂರದಲ್ಲೇ ಮೂಗರಳಿಸಿ ನಿಂತಳು.

"ಬೀಗ್ರೇ, ಅಲ್ಲೇ ನಿಂತ್ಕಳಿ! ಏನದು ವಾಸ್ನೆ?"

"ಗಾಜಿನ ಗೋಂದ್ರಿ."

"ಅಯ್ಯೋ ದೇವ್ರೇ, ತಪ್ಪು ತಿಳ್ಕಬ್ಯಾಡಿ. ಹುಳ ಹಣ್ಣಾಗೋ ಹೊತ್ತು, ಇವತ್ತೋ ನಾಳೆನೋ ಗೂಡು ಕಟ್ತಾವೆ. ಇಂಥಾ ಘಾಟು ಬಿದ್ರೆ ಮೇವೇ ಬಿಟ್ಬಿಡ್ತಾವೆ. ಒಳೀಕೆ ಹೆಂಗೆ ಬಿಡಾದು?"

ಅವರ ಹುಳ ಇರುವುದು ನಡುಮನೆಯಲ್ಲೇ. ನಾನು ತಲೆಯಲ್ಲಿದ್ದ ಮಲ್ಲಿಗೆ ತೆಗೆದು ಮುಖ ತೊಳೆದ ಮೇಲೆ ನನಗೆ ಒಳಗೆ ಬರಲು ಅಪ್ಪಣೆ ಸಿಕ್ಕಿತು. ಇವರಿಗೆ ಅಂಗಳದಲ್ಲೇ ಬಿಸಿನೀರು, ಸೀಗೆಪುಡಿ, ಉಡಲು ಬೀಗರ ಪಂಚೆ. ಮಿಂದು ಬಂದು ಕೈ ಚಾಚಿದರು. ಬೀಗಿತಿ ಮೂಸಿ ನೋಡಿ "ಊಹೂಂ" ಅಂದಳು. ಅಂಗಳದಾಚೆಯ ಹುಣಸೆ ಮರದ ಕೆಳಗೆ ಮಂಚ ಹಾಕಿಸಿದರು. ಮುದ್ದೆ ಸಾರು ಅಲ್ಲಿಗೇ ಹೋಯಿತು.

ಮಗಳು ಬಾಗಿಲಿಗೆ ಬಂದು ನಿಂತಳು. ಸೊಪ್ಪು ಕೊಯ್ದು ಕೊಯ್ದು ಬೆರಳೆಲ್ಲ ಹಸಿರಾಗಿತ್ತು. ಕೂಗಿ ಮಾತಾಡಿದರೆ ಬೀಗರ ಮನೆ, ಚೆನ್ನಾಗಿರುವುದಿಲ್ಲ. ಹತ್ತಿರ ಹೋಗುವ ಹಾಗಿಲ್ಲ. ಇವರು ಮಂಚದ ಮೇಲಿಂದ ಫೋನ್ ಹಚ್ಚಿದರು, ಅವಳು ಬಾಗಿಲಲ್ಲಿ ನಿಂತು ಎತ್ತಿದಳು.

"ಅಪ್ಪ, ಸೊರಗಿದೀಯಲ್ಲ."

"ಇಲ್ಲವ್ವ, ದೂರಕ್ಕ ಹಂಗ ಕಾಣ್ತೈತಿ."

"ಉಂಡ್ಯಾ?"

"ಉಂಡೆ. ನೀನು ಹಬ್ಬಕ್ಕ ಬರ್ತೀಯೇನು?"

"ಹುಳ ಬಿಟ್ಟು ಹೆಂಗೆ ಬರ್ಲಿ ಅಪ್ಪ."

"ಹೌದವ್ವ. ಅದೂ ಖರೇನ ಐತಿ."

ಆಮೇಲೆ ಫೋನ್ ಇಡುವ ಮನಸ್ಸು ಇಬ್ಬರಿಗೂ ಇಲ್ಲ. ಕಿವಿಗೆ ಹಚ್ಚಿಕೊಂಡು ಒಬ್ಬರನ್ನೊಬ್ಬರು ನೋಡುತ್ತಾ ಇದ್ದರು. ನನಗೆ ಒಳಗಿಂದ ಅದನ್ನು ನೋಡಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಬೀಗರು ತೋಟದಿಂದ ಬಂದರು. ಮರದ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು.

"ಅಲ್ಲಾ ಬೀಗ್ರೇ, ಬರೀ ಫೋನಲ್ಲೇ ಮಾತಾಡೋದಾಗಿದ್ರೆ ಅಷ್ಟು ದೂರದಿಂದ ಬಸ್ ಹತ್ಕಂಡು ಯಾಕೆ ಬಂದ್ರಿ?"

೪. ನಮ್ಮವು, ನಿಮ್ಮವು

ಯುಗಾದಿಗೆ ಮಗಳು ಬರಲಿಲ್ಲ, ತೊಟ್ಟಿ ಮಾತ್ರ ನಿಂತಿತು. ನೀರು ಹಾಕಿ ಕಾದರೂ ಒಂದು ಹನಿ ಸೋರಲಿಲ್ಲ. ಬಳ್ಳಾರಿಗೆ ಹೋಗಿ ಬಣ್ಣದ ಮೀನು, ಗುಳುಗುಳು ಅನ್ನುವ ಗಾಳಿ ಪಂಪು ತಂದರು. ದಿನಾ ಸಂಜೆ ತೊಟ್ಟಿಯ ಎದುರಿಗೆ ಫೋನ್ ಹಿಡಿದು ಮಗಳಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಆ ಕಡೆಯಿಂದ ಅವಳು ಹುಳ ತೋರಿಸುತ್ತಿದ್ದಳು. ಇಲ್ಲಿ ಮೀನು ಕಾಣುತ್ತಿತ್ತು, ಅಲ್ಲಿ ಹುಳ ಕಾಣುತ್ತಿತ್ತು, ಮಗಳ ಮುಖವೊಂದು ಕಾಣುತ್ತಿರಲಿಲ್ಲ. "ಮುಖದ ಕಡೆ ತಿರುಗಿಸ್ರಿ ಯಾರಾದ್ರೂ!" ಅಂತ ನಾನು ಹಿಂದಿನಿಂದ ಚೀರುತ್ತಿದ್ದೆ.

ಒಂದು ದಿನ ಫೋನ್ ಬೀಗಿತಿಯ ಕೈಗೆ ಹೋಯಿತು.

"ಚೆಂದಾಗವೆ ಬೀಗ್ರೆ. ಏನ್ ಕೊಡ್ತಾವೆ ಇವು?"

"ಏನೂ ಕೊಡಲ್ರಿ."

"ಮತ್ಯಾಕೆ ಸಾಕೀರಾ?"

"ನೋಡಾಕ್ರಿ."

ಬೀಗಿತಿ ಫೋನನ್ನು ಮುಖಕ್ಕೆ ಹತ್ತಿರ ತಂದು ಮೀನನ್ನು ಮತ್ತೊಮ್ಮೆ ನೋಡಿದಳು. ಪಾಪ, ಎಂಥಾ ಮಾತಾಡಿ ಸಮಾಧಾನ ಮಾಡಬೇಕು ಅಂತ ಹುಡುಕುತ್ತಿದ್ದಳೋ ಏನೋ.

"ಇರ್ಲಿ ಬಿಡಿ ಬೀಗ್ರೆ" ಅಂದಳು. "ನಮ್ಮವು ಕೊಟ್ಟಿದ್ರಲ್ಲಿ ನಿಮ್ಮವಕ್ಕೂ ಒಂದೊಂದು ಸೀರೆ ಉಡಿಸಾಣ."

೫. ಸೊಪ್ಪು

ಪಂಚಮಿಗೆ ಮಗಳು ಬಂದಳು! ಗೂಡು ಮಾರಿ ಆಗಿತ್ತು, ಹೊಸ ಹುಳ ಇನ್ನೂ ಬಂದಿರಲಿಲ್ಲ, ನಡುವೆ ಸಿಕ್ಕ ಬಿಡುವಿನಲ್ಲಿ ಅಳಿಯ ಬಸ್ ಹತ್ತಿಸಿದ್ದ. ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು.

ಇವರು ಮಗಳ ಚೀಲವನ್ನೂ ಇಳಿಸಲು ಬಿಡದೆ ತೊಟ್ಟಿಯ ಮುಂದೆ ನಿಲ್ಲಿಸಿದರು. ಅವಳು ನೋಡಿದಳು. "ಚೆಂದ ಐತೆ ಅಪ್ಪ" ಅಂದಳು, ಅಂದು ದೊಡ್ಡದಾಗಿ ಆಕಳಿಸಿದಳು. ಮಾತೆಲ್ಲ ಮಡಕಶಿರದ್ದಾಗಿಬಿಟ್ಟಿತ್ತು. ಕಣ್ಣ ಸುತ್ತ ಕಪ್ಪು. ಹುಳ ಮೇಯುವ ದಿನಗಳಲ್ಲಿ ಅವುಗಳಿಗೆ ಹೊತ್ತಿಲ್ಲ ಗೊತ್ತಿಲ್ಲ, ಸೊಪ್ಪು ಹಾಕುವವರಿಗೆ ನಿದ್ದೆಯಿಲ್ಲ.

"ಮೀನು ಎಲ್ಲಿಗೂ ಓಡಿಹೋಗಲ್ಲ, ಮಲಗವ್ವ ಮೊದಲು" ಅಂತ ಕೋಣೆಯಲ್ಲಿ ಹಾಸಿಕೊಟ್ಟೆ. ಈ ಮಗ್ಗುಲಿಗೆ ಹೊರಳಿದಳು, ಆ ಮಗ್ಗುಲಿಗೆ ಹೊರಳಿದಳು. ಎದ್ದು ಬಂದು ಹೇಳಿದಳು: "ಇಲ್ಲಿ ಭಾಳ ಸುಮ್ಮನೈತೆ ಅವ್ವ. ಅಲ್ಲಿ ಹುಳ ಸೊಪ್ಪು ಮೇಯ್ತಿದ್ರೆ ಜಡಿಮಳೆ ಬಂದಂಗೆ ಸದ್ದು. ಅದು ಕೇಳ್ತಾ ಕೇಳ್ತಾ ಮಲಗೋದು ರೂಢಿ ಆಗೈತೆ."

ಹುಟ್ಟಿದ ಮನೆಯಲ್ಲಿ ನಿದ್ದೆ ಬರುವುದಿಲ್ಲ ಅಂದರೆ ಹೆತ್ತವಳಿಗೆ ಹೇಗಾಗಬೇಡ? ನಾನು ಪುಂಡಿಸೊಪ್ಪು ಬಿಡಿಸುತ್ತಾ ಕೂತೆ, ಅವಳಿಗೆ ಪುಂಡಿ ಪಲ್ಯ ಅಂದರೆ ಪ್ರಾಣ. ಅವಳು ಚಾಪೆ ಎಳೆದುಕೊಂಡು ಪಡಸಾಲೆಗೆ ಹೋಗಿ ತೊಟ್ಟಿಯ ಪಕ್ಕ ಮಲಗಿದಳು. ಪಂಪು ಗುಳುಗುಳು ಅನ್ನುತ್ತಿತ್ತು. ನಾನು ಒಂದು ಹಿಡಿ ಸೊಪ್ಪು ಬಿಡಿಸುವಷ್ಟರಲ್ಲಿ ಗೊರಕೆ.

ಇವರು ಅಂಗಡಿ ಮುಚ್ಚಿ ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಬಂದರು. ಮಗಳನ್ನು ನೋಡಿದರು, ಪಂಪು ನೋಡಿದರು. "ಇದರ ಗದ್ದಲಕ್ಕ ಎಚ್ಚರ ಆದೀತು" ಅಂತ ಪಿಸುಗುಟ್ಟಿ, ನಾನು ಬೇಡ ಅನ್ನುವುದರೊಳಗೆ ಸ್ವಿಚ್ ಒತ್ತಿಬಿಟ್ಟರು.

ಪಂಪು ನಿಂತಿತು. ಮಗಳು ದಿಗ್ಗನೆ ಎದ್ದು ಕೂತಳು. "ಅತ್ತೇ, ಸೊಪ್ಪು ಮುಗೀತು!" ಅಂದಳು. ಕಣ್ಣು ಅರ್ಧ ಮುಚ್ಚೇ ಇದ್ದವು. ಎದ್ದು ಬಂದು, ನನ್ನ ಮುಂದಿನ ಮೊರವನ್ನೇ ಎತ್ತಿಕೊಂಡು ಹೋಗಿ, ಬಿಡಿಸಿಟ್ಟ ಪುಂಡಿಸೊಪ್ಪನ್ನೆಲ್ಲ ತೊಟ್ಟಿಯ ಮೇಲೆ ಒಂದೇ ಸಮನಾಗಿ, ಎಲ್ಲೂ ಗುಡ್ಡೆಯಾಗದಂತೆ ಉದುರಿಸಿದಳು. ಮೊರ ಕೊಡವಿದಳು. ಹೋಗಿ ಮಲಗಿದಳು.

ನಾವಿಬ್ಬರೂ ಬಾಯಿ ತೆಗೆದುಕೊಂಡು ನಿಂತೆವು. ಇವರು ಮೆಲ್ಲಗೆ ಪಂಪು ಹಾಕಿದರು. ಮತ್ತೆ ಗೊರಕೆ ಬಂತು.

"ನೀವು ಮಗಳಿಗೆ ಅಂತ ಕಟ್ಟಿದ್ದು ಅವರತ್ತೆ ಮನೀನೇ ಆತಲ್ರಿ" ಅಂದೆ. ನಗುತ್ತಾನೇ ಅಂದೆ, ಆದರೆ ಅಂದಮೇಲೆ ನನಗೇ ಸಂಕಟವಾಯಿತು. ಇವರು ಅಂಗಿಯ ತೋಳು ಮಡಿಸಿ, ಒಂದೊಂದೇ ಎಲೆ ಹೆಕ್ಕಲು ಕೂತರು. ಅವಳು ಹೊತ್ತಿಳಿದ ಮೇಲೆ ಎದ್ದಳು. "ಎಂಥಾ ನಿದ್ದೆ ಬಂತಪ್ಪ! ನಮ್ಮನೇಲೇ ಮಲಗಿದ್ದಂಗಾತು" ಅಂತ ಮೈಮುರಿದಳು. "ಇದು ಯಾರ ಮನಿ ಮತ್ತ" ಅನ್ನಲು ಇವರು ಬಾಯಿ ತೆಗೆದರು. ಅಷ್ಟರಲ್ಲಿ ಅವಳ ಕಣ್ಣು ತೊಟ್ಟಿಯ ಮೇಲೆ ಬಿತ್ತು. ತಳಕ್ಕಿಳಿದ ಒಂದಿಷ್ಟು ಸೊಪ್ಪು ಇನ್ನೂ ನೀರಲ್ಲಿತ್ತು, ಇವರ ಕೈಯಲ್ಲಿ ಒಂದು ಹಿಡಿ ಇತ್ತು.

"ಅಪ್ಪಾ! ಮೀನಿಗೆ ಪುಂಡಿಸೊಪ್ಪು ಹಾಕ್ತಾರೇನ ಯಾರಾದ್ರೂ? ಹುಳಿ ಸೊಪ್ಪದು! ಸತ್ತುಗಿತ್ತು ಹೋದ್ರ ಏನ್ ಮಾಡ್ತಿ? ನಿನಗ ಯಾವಾಗ ಬುದ್ಧಿ ಬರ್ತೈತಿ? ನಾನೊಬ್ಬಾಕಿ ಇಲ್ಲ ಅಂದ್ರ ಹಿಂಗೇನ ಮಾಡೋದು ನೀನು?"

ಸಿಟ್ಟು ಬಂದದ್ದೇ ತಡ, ಮಾತು ಪೂರಾ ನಮ್ಮ ರಾಯದುರ್ಗದ್ದಾಗಿಬಿಟ್ಟಿತು. ಅಂಗಡಿಯಲ್ಲಿ ಗಾಜು ಒಡೆದಾಗ, ಅಳತೆ ತಪ್ಪಿದಾಗ ಹೀಗೇ ಸೊಂಟಕ್ಕೆ ಕೈಯಿಟ್ಟು ಅಪ್ಪನನ್ನು ಬೈಯುತ್ತಿದ್ದಳು. ನಿಜ ಹೇಳಿಬಿಡೋಣ ಅಂತ ನಾನು ಬಾಯಿ ತೆಗೆದರೆ ಇವರು ಕಣ್ಣಲ್ಲೇ ಬೇಡ ಅಂದರು.

"ತಪ್ಪಾತವ್ವ. ತಿಂತಾವೇನೋ ಅಂತ ಮಾಡಿದೆ" ಅಂತ ತಲೆ ತಗ್ಗಿಸಿ ನಿಂತರು. ಅವಳು ಮೀನೊಂದೊಂದನ್ನೂ ಎಣಿಸಿಕೊಳ್ಳುತ್ತಾ ಬೈದೇ ಬೈದಳು. ಇವರು ನಮ್ಮ ಲಗ್ನದ ಮಂಟಪದಲ್ಲಿ ನಿಂತಷ್ಟು ಸಂತೋಷವಾಗಿ ನಿಂತಿದ್ದರು.

ನಾನು ಅಡಿಗೆಮನೆಗೆ ಬಂದೆ. ಹಿಂದೆಯೇ ಇವರೂ ಬಂದರು, ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು:

"ಅವಳ ಬಸ್ಸು ನಾಳೆ ಮಧ್ಯಾಹ್ನಕ್ಕಲ್ಲೇನು? ಬೆಳಿಗ್ಗೆ ಒಂದಿಷ್ಟು ಮೆಂತ್ಯಸೊಪ್ಪು ಹಾಕ್ಲೇನು?"