ಬೆನ್ನ ಮೇಲೆ ಜಿಪ್ ಇದ್ದ ಚಿರತೆ

ಒಂದು ಕಡೆ ನಿಲ್ಲೋ ಕಾಲು ನನ್ನದಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಲೇತು, ಹೋಟೆಲು, ಕ್ಯಾಬು ಎಲ್ಲ ಸುತ್ತಿ, ಆಮೇಲೆ ದಿನಕ್ಕೊಂದು ಶಾಲೆಗೆ ಹೋಗೋ ಕೆಲಸಕ್ಕೇ ಬಂದು ಬಿದ್ದೆ. ಹೋದಲ್ಲೆಲ್ಲ ಏನಾದರೊಂದು ಆಗ್ತಾನೇ ಇತ್ತು; ಚಿರತೆಯಾದ ಮೇಲಂತೂ ಬಿಡುವೇ ಇರಲಿಲ್ಲ.

ಜಿಗಣಿ ಆಚೆಯ ಗುಡ್ಡಗಳಲ್ಲಿ ಚಿರತೆಗಳ ಬಗ್ಗೆ ಸಂಶೋಧನೆ ಮಾಡ್ತಿದ್ದ ಮೇಡಂ ಒಬ್ಬರಿದ್ದರು. ಅವರ ಜೀಪಿಗೆ ನಾನು ಡ್ರೈವರ್. ದುಡ್ಡು ಕೊಡ್ತಿದ್ದದ್ದು ಪೀಣ್ಯದಲ್ಲಿ ಸ್ಪ್ರಿಂಗ್ ಫ್ಯಾಕ್ಟರಿ ಇಟ್ಟಿದ್ದ ಯಜಮಾನರ ಫೌಂಡೇಶನ್ನು. ಚಿರತೆ ಹಾದರೆ ತಾನಾಗೇ ಫೋಟೋ ತೆಗೆಯೋ ಕ್ಯಾಮೆರಾಗಳನ್ನ ಗುಡ್ಡದಲ್ಲಿ ಕಟ್ಟೋದಕ್ಕೆ ಅರ್ಧ, ಮಕ್ಕಳಿಗೆ ಪಾಠ ಹೇಳೋದಕ್ಕೆ ಅರ್ಧ. ಪಾಠಕ್ಕೆ ಅಂತ ಒಂದು ಚಿರತೆ ವೇಷ ಹೊಲಿಸಿದ್ದರು. ಅದು ಸರಿಹೋಗಿದ್ದು ನನ್ನ ಮೈಗೆ. ಜಿಪ್ ಮಾತ್ರ ಬೆನ್ನಿಗೆ. ಒಳಗೆ ಹೋದ ಮೇಲೆ ಇನ್ನೊಬ್ಬರು ಎಳೆಯದೆ ಹೊರಗೆ ಬರೋ ಹಾಗಿಲ್ಲ.

ಲಿಫ್ಟು

ಕುಂದಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಮಕ್ಕಳ ಕಾರ್ಯಕ್ರಮ. ಜೀಪಿನಲ್ಲೇ ವೇಷ ಹಾಕ್ಕೊಂಡು ಇಳಿದೆ. ರಾಯಚೂರು ಕಡೆಯ ಸೆಕ್ಯೂರಿಟಿಯವನು ಲಿಫ್ಟಿಗೆ ಅಡ್ಡ ನಿಂತ.

"ಏ, ನಿಂದ್ರಪಾ. ಕೆಲಸದವ್ರು ಆ ಕಡಿ ಲಿಫ್ಟಿನ್ಯಾಗ ಹೋಗ್ಬೇಕು."

"ಅಣ್ಣ, ನಾನು ಚಿರತೆ."

"ಚಿರತಿ ಇರ್ಲಿ, ಆನಿ ಇರ್ಲಿ. ರೂಲ್ಸ್ ಅಂದ್ರ ರೂಲ್ಸ್."

ಸರ್ವಿಸ್ ಲಿಫ್ಟಿಗೆ ಹೋದೆ. ಒಳಗೆ ಸಿಲಿಂಡರ್ ಹೊತ್ತವನೊಬ್ಬ. ಬಾಲದಿಂದ ಮೀಸೆವರೆಗೆ ಒಂದು ಸಲ ನೋಡಿದ. ಹೆದರಲಿಲ್ಲ, ನಗಲಿಲ್ಲ. ಮೂರನೇ ಫ್ಲೋರ್ ದಾಟಿದ ಮೇಲೆ ಮೆಲ್ಲಗೆ ಕೇಳಿದ: "ಗುರು, ನಿಮ್ ಕಡೆ ಪಿಎಫ್ ಕಟ್ತಾರಾ?"

ಬೋರ್ಡು

ಯಜಮಾನರದು ಒಂದೇ ಹಟ: ಪ್ರತಿ ಕ್ಯಾಮೆರಾ ಮುಂದೆ ತಮ್ಮ ಫೌಂಡೇಶನ್ ಬೋರ್ಡ್ ಇರಬೇಕು. ತಗಡಿನ ಬೋರ್ಡುಗಳನ್ನ ನಾನೇ ಗುಡ್ಡಕ್ಕೆ ಹೊತ್ತು ನೆಟ್ಟೆ. ಆ ಬೋಳು ಬಂಡೆಗಳ ಮೇಲೆ ನೆರಳು ಅಂತ ಇದ್ದದ್ದು ಆ ತಗಡಿನದೊಂದೇ. ಚಿರತೆ ದಿನಾ ಬಂದು ಅದರ ಹಿಂದೆ ಮಲಗೋಕೆ ಶುರು ಮಾಡ್ತು. ಫೋಟೋ ತೆಗೆದರೆ ಬರೀ ಬೋರ್ಡು, ಪಕ್ಕದಲ್ಲಿ ಒಂದು ಬಾಲ.

ಮೇಡಂ ಫೋಟೋಗಳನ್ನ ತಗೊಂಡು ಪೀಣ್ಯಕ್ಕೆ ಹೋದರು. "ಸರ್, ಯಾವ ಚಿರತೆ ಅಂತ ಗುರುತಿಸೋಕೆ ಮೈಮೇಲಿನ ಚುಕ್ಕಿ ಕಾಣ್ಬೇಕು. ಬೋರ್ಡ್ ತೆಗೆಸಿಬಿಡೋಣ."

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಯಾಕಮ್ಮಾ? ಅಕ್ಷರ ಎಷ್ಟ್ ಚೆನ್ನಾಗಿ ಬಂದಿದೆ! ಆ ಬಾಲ ಒಂದು ಅಡ್ಡ ಬರದ ಹಾಗೆ ನೋಡ್ಕೊಳ್ಳಿ, ಸಾಕು."

ಪರೀಕ್ಷೆ

ಈಗ ನಾನು ಲಾರಿ ಡ್ರೈವರ್; ಈಗಲೂ ತುಮಕೂರು ರಸ್ತೆಯಲ್ಲಿ ಲೋಡ್ ತಗೊಂಡು ಹೋಗುವಾಗ ಮಾದನಾಯಕನಹಳ್ಳಿ ಹತ್ತಿರ ಬಂದರೆ ಗಾಡಿ ತಾನಾಗೇ ನಿಧಾನ ಆಗುತ್ತೆ. ಅಲ್ಲೊಂದು ಶಾಲೆ, ಗೋಡೌನ್ ಕೆಲಸದವರ ಮಕ್ಕಳೇ ಜಾಸ್ತಿ. ನಾವು ಪಾಠ ಹೇಳಿ ಬಂದಿದ್ದ ಜಾಗ.

ಯಜಮಾನರು ಎಳೆದು ನೋಡದೆ ಒಂದು ಸ್ಪ್ರಿಂಗನ್ನೂ ಪಾಸ್ ಮಾಡೋರಲ್ಲ. ಮಕ್ಕಳು ಏನು ಕಲಿತಿದ್ದಾರೆ ನೋಡಿ, ಮುಂದಿನ ವರ್ಷ ದುಡ್ಡು ಕೊಡೋದೋ ಬೇಡವೋ ಹೇಳ್ತೀನಿ ಅಂತ ತಾವೇ ಬಂದರು. ಮೇಡಂ ಜಿಪ್ ಎಳೀತಾ, "ಇವತ್ತು ಕೆಟ್ರೆ ಕ್ಯಾಮೆರಾ ಎಲ್ಲ ಬಿಚ್ಕೊಂಡು ಬರ್ಬೇಕಾಗುತ್ತೆ ಅಣ್ಣ" ಅಂದರು. ಆಮೇಲೆ ಚಿರತೆ ತಲೆ ಎತ್ತಿ ನನಗೆ ತೊಡಿಸಿದರು.

ನನ್ನನ್ನ ಮುಂದೆ ನಿಲ್ಲಿಸಿಕೊಂಡು ಯಜಮಾನರು ಕೇಳಿದರು: "ಇದು ಏನು ತಿನ್ನುತ್ತೆ?"

"ನಾಯಿ! ಮೊಲ! ಕಾಡುಹಂದಿ ಮರಿ!" ಯಜಮಾನರ ತಲೆ ಆಡಿತು. ಅಷ್ಟರಲ್ಲಿ ಮೂಲೆಯಿಂದ ಒಂದು ಸಣ್ಣ ದನಿ: "ಚಿತ್ರಾನ್ನ."

ಹೋದ ಸಲ ಪಾಠ ಮುಗಿದ ಮೇಲೆ ವೇಷದ ತಲೆ ಕಳಚಿ, ಮರದ ಕೆಳಗೆ ಕೂತು ನಾನು ಅದನ್ನೇ ತಿಂದಿದ್ದೆ. ಮೇಡಂ ಕಣ್ಣು ಮುಚ್ಚಿಕೊಂಡರು.

"ಸರಿ. ಚಿರತೆ ಎದುರಿಗೆ ಬಂದ್ರೆ ಏನು ಮಾಡ್ಬೇಕು?"

ಎರಡು ಜಡೆಯ ಹುಡುಗಿ ಎದ್ದಳು. "ಓಡಬಾರ್ದು ಸಾರ್. ಕಲ್ಲು ಹೊಡೀಬಾರ್ದು. ಗುಂಪು ಕಟ್ಬಾರ್ದು. ಅದಕ್ಕೂ ಭಯ ಇರುತ್ತೆ, ಹೋಗೋಕೆ ದಾರಿ ಬಿಡ್ಬೇಕು."

ಮೇಡಂ ಕಣ್ಣು ಬಿಟ್ಟರು. ಯಜಮಾನರಿಗೆ ಖುಷಿಯಾಯ್ತು. "ಭೇಷ್! ಆಮೇಲೆ?"

"ಆಮೇಲೆ ಜಿಪ್ ಎಳೀಬೇಕು ಸಾರ್. ಪಾಪ, ಅದಕ್ಕೆ ಕೈ ಎಟುಕಲ್ಲ."

ಶಾಲೆಯೆಲ್ಲ ಹೌದು ಹೌದು ಅಂತು. ಯಜಮಾನರು ನಗಲಿಲ್ಲ. ಸೀದಾ ನನ್ನ ಹಿಂದೆ ಬಂದು ಜಿಪ್ ಹಿಡಿದು ಎಳೆದರು. ಅರ್ಧಕ್ಕೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದರು. ನಾನು ಬೆನ್ನು ಬಗ್ಗಿಸಿ ಕೊಟ್ಟೆ.

"ಏನಮ್ಮಾ ಇದು, ಕಳಪೆ ಮಾಲು! ಮುಂದಿನ ವರ್ಷಕ್ಕೆ ಒಳ್ಳೆ ಜಿಪ್ ಹಾಕ್ಸಿ," ಅಂದರು.

ಮುಂದಿನ ವರ್ಷ! ಮೇಡಂ ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟರು.

ಯಜಮಾನರು ನನ್ನ ಬೆನ್ನನ್ನ ಒಮ್ಮೆ ಕೈಯಲ್ಲಿ ಸವರಿ ಅಳತೆ ನೋಡಿದರು. "ಹಾಗೇ ಇಲ್ಲಿ ಒಂದು ಬೋರ್ಡ್ ಹೊಲಿಸ್ಬಿಡಿ. ಜಾಗ ಚೆನ್ನಾಗಿದೆ, ಬಾಲ ಅಡ್ಡ ಬರಲ್ಲ."