ಮಾವನವರ ಚೂರುಯಂತ್ರವನ್ನು ಅಂಗಡಿಗೆ ಹಿಂದಿರುಗಿಸುವ ಕುರಿತು

ಗೃಹಕೃತ್ಯ ಇಲಾಖೆ, ಹಿತ್ತಲು ವಿಭಾಗ

ಸಂಖ್ಯೆ: ಗೃ.ಇ./ಹಿ.ವಿ./ಗೊಬ್ಬರ/4
ದಿನಾಂಕ: ಗೋಡೆಯ ಕ್ಯಾಲೆಂಡರ್ ಯಂತ್ರದ ಪಾಲಾಗಿರುವುದರಿಂದ ನಮೂದಿಸಿಲ್ಲ.

ಸುತ್ತೋಲೆ

ವಿಷಯ: ಹಿತ್ತಲಿನ ಗೊಬ್ಬರದ ಮೂಲೆಯಲ್ಲಿರುವ ಚೂರುಯಂತ್ರವನ್ನು ಮನೆಯಲ್ಲೇ ಉಳಿಸಿಕೊಳ್ಳುವ ಅಥವಾ ಅಂಗಡಿಗೆ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: (ಅ) ಅತ್ತೆಯವರ ಮೌಖಿಕ ದೂರು: "ಈ ವಯಸ್ಸಲ್ಲಿ ನಂಗೊಬ್ಳು ಸವತೀನ ತಂದಿಟ್ರಲ್ಲ!"
(ಆ) ಸದರಿ ಯಂತ್ರಕ್ಕೆ ಗೋಣಿಚೀಲ ಮುಚ್ಚಿ ಕೆಲಸ ನಿಲ್ಲಿಸಿದ ಕಳೆದ ವಾರದ ಆದೇಶ.

ಈ ಮನೆಯ ಮಾವನವರು ಬಸ್ ಚಾಲಕರಾಗಿ ದುಡಿದು ನಿವೃತ್ತರಾದವರು. ಸ್ಟೇರಿಂಗ್ ಬಿಟ್ಟ ಕೈ ಸುಮ್ಮನಿರದ ಕಾರಣ, ಹಿತ್ತಲಿನ ನೆರಳಿರುವ ಮೂಲೆಯಲ್ಲಿ ಇಟ್ಟಿಗೆ ಹಾಸಿ, ಗಾಳಿಯಾಡಲು ತೂತು ಕೊರೆದ ಮೂರು ಡ್ರಮ್ಮುಗಳನ್ನು ನಿಲ್ಲಿಸಿ, ಪಕ್ಕದಲ್ಲಿ ಕಸ ಚೂರು ಮಾಡುವ ಯಂತ್ರವನ್ನು ಸ್ಥಾಪಿಸಿರುತ್ತಾರೆ. ಚೂರು ಸಣ್ಣದಾದಷ್ಟೂ ಬೇಗ ಗೊಬ್ಬರವಾಗುತ್ತದೆ, ಹಸಿ ಒಂದು ಪಾಲಿಗೆ ಒಣ ಎರಡು ಪಾಲು ಬೇಕು ಎಂಬ ಅವರ ವಾದದಲ್ಲಿ ಹುರುಳಿದೆ. ಹಸಿ ಸಿಪ್ಪೆ ಅಡುಗೆಮನೆಯಿಂದ ಬರುತ್ತದೆ. ಒಣ ಎರಡು ಪಾಲು ಎಲ್ಲಿಂದ ಬರುತ್ತದೆ ಎಂಬುದೇ ಈ ಸುತ್ತೋಲೆಗೆ ಕಾರಣ. ಯಂತ್ರ ವಾಪಸು ಪಡೆಯಲು ಅಂಗಡಿಯವರು ಕೊಟ್ಟ ಗಡುವು ನಾಳೆ ಮುಗಿಯಲಿದ್ದು, ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. "ಒಣ ವಸ್ತು" ಎಂದರೆ ಒಣಗಿ, ಉಪಯೋಗವೂ ಮುಗಿದಿರುವ ವಸ್ತು. ಬಳಕೆಯಲ್ಲಿರುವ ಪೊರಕೆ, ತಿಂಗಳುಗಳು ಬಾಕಿಯಿರುವ ಕ್ಯಾಲೆಂಡರ್, ಅತ್ತೆಯವರು ಪದಬಂಧ ಅರ್ಧ ತುಂಬಿಸಿಟ್ಟ ಪತ್ರಿಕೆ ಇದರಲ್ಲಿ ಸೇರುವುದಿಲ್ಲ. "ಇವತ್ತಲ್ಲ ನಾಳೆ ಕಸ ಆಗೋದೇ ತಾನೆ" ಎಂಬ ಮಾವನವರ ವಿವರಣೆಯನ್ನು ತಿರಸ್ಕರಿಸಲಾಗಿದೆ. ಆ ಲೆಕ್ಕಕ್ಕೆ ಹೋದರೆ ಮನೆಮಂದಿಯೂ ಸುರಕ್ಷಿತರಲ್ಲ.

2. ಎಲೆಗಳು ತಾವಾಗಿ ಉದುರುವವರೆಗೆ ಕಾಯತಕ್ಕದ್ದು. ಪಕ್ಕದ ಮನೆಯ ಮರವನ್ನು ಕೋಲಿನಿಂದ ಪ್ರೋತ್ಸಾಹಿಸುವುದನ್ನು ನಿಷೇಧಿಸಲಾಗಿದೆ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಗಿಡ ಕತ್ತರಿಸಲು ದೊರೆತ ಅನುಮತಿಯೆಂದು ಅರ್ಥೈಸತಕ್ಕದ್ದಲ್ಲ.

3. ಸಿಪ್ಪೆಯ ದಪ್ಪ ಅಡುಗೆಮನೆ ವಿಭಾಗದ ವ್ಯಾಪ್ತಿಗೆ ಸೇರಿದ್ದು. "ಇನ್ನೊಂಚೂರು ದಪ್ಪಗೆ ಹೆರೀಮ್ಮ, ಡ್ರಮ್ ತುಂಬ್ತಾ ಇಲ್ಲ" ಎಂಬ ಒತ್ತಡಕ್ಕೆ ಮಣಿದು ಸೌತೆಕಾಯಿಯೊಂದನ್ನು ಹೆಬ್ಬೆರಳಿನಷ್ಟಕ್ಕೆ ಇಳಿಸಿದ ಘಟನೆ ಮರುಕಳಿಸಬಾರದು.

4. ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಮದುವೆ ಮುಗಿಯುವ ಮುನ್ನ ಯಂತ್ರಕ್ಕೆ ಹಾಕುವಂತಿಲ್ಲ. ದರ್ಜಿಯವರ ಮಗಳ ಮದುವೆಗೆ ಈ ಕುಟುಂಬ ಉಡುಗೊರೆ ಸಮೇತ, ಹೊಸ ಬಟ್ಟೆಯಲ್ಲಿ, ಮಾರನೆಯ ದಿನ ಹಾಜರಾಗಿರುತ್ತದೆ. ಅಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಡುಗೆಭಟ್ಟರು "ನೀವು ಯಾರ ಕಡೆಯವ್ರು?" ಎಂದು ವಿಚಾರಿಸಿರುತ್ತಾರೆ. ಈ ಬಗ್ಗೆ ಕಾರಣ ಕೇಳಿದಾಗ ಮಾವನವರು ನೀಡಿದ ಉತ್ತರ: "ಒಳ್ಳೆ ಗಟ್ಟಿ ಕಾಗದ ಕಣಮ್ಮಾ, ಎಷ್ಟು ಚೆನ್ನಾಗಿ ಪುಡಿ ಆಯ್ತು ಗೊತ್ತಾ!"

5. ಯಂತ್ರ ಚಾಲನೆಗೆ ಮುನ್ನ "ಯಾರಾದ್ರೂ ರೈಟ್ ಹೇಳ್ರೋ" ಎಂದು ಮನೆಯನ್ನೆಲ್ಲ ಕೂಗಿ ಕರೆಯುವ ಪದ್ಧತಿಯನ್ನು ಪರಿಶೀಲಿಸಲಾಗಿದೆ. ಕಂಡಕ್ಟರ್ ರೈಟ್ ಹೇಳದೆ ಎಂದೂ ಗಾಡಿ ತೆಗೆದವರಲ್ಲ ಎಂಬುದು ಅವರ ಸಮರ್ಥನೆ. ರೈಟ್ ಹೇಳಲು ಅತ್ತೆಯವರು ಓಡಿಬಂದಾಗಲೆಲ್ಲ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಉಲ್ಲೇಖಿತ ಆದೇಶ ಹೊರಟಿದ್ದು ಇಂಥದೇ ಒಂದು ಹಾಲಿನ ದಿನ.

6. ಯಂತ್ರ ನಿಂತ ಅವಧಿಯ ತಪಾಸಣಾ ವರದಿ: ಗೊಬ್ಬರದ ಸ್ಥಿತಿ ತೃಪ್ತಿಕರ. ಹಿಂಡಿದ ಬಟ್ಟೆಯಷ್ಟು ತೇವವಿದೆ, ವಾಸನೆಯಿಲ್ಲ. ಮಾವನವರ ಸ್ಥಿತಿ ತೃಪ್ತಿಕರವಾಗಿಲ್ಲ. ಮೊದಮೊದಲು ಅವರು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದು, ಕಾಫಿಗೆ ಸಕ್ಕರೆಯ ಬದಲು ಉಪ್ಪು ಬಿದ್ದಿರುತ್ತದೆ. ಇದನ್ನು ಹೇಗೋ ಸಹಿಸಲಾಗಿತ್ತು. ಆಮೇಲೆ ಅವರು ಅದನ್ನೂ ಬಿಟ್ಟಿರುತ್ತಾರೆ. ಕರೆದರೆ ಊಟಕ್ಕೆ ಬರುವುದು, ಕೇಳಿದ್ದಕ್ಕೆಲ್ಲ "ಹೂಂ" ಎನ್ನುವುದು, ಮಿಕ್ಕ ಹೊತ್ತು ಹಿತ್ತಲ ಮೆಟ್ಟಿಲ ಮೇಲೆ ಕೂರುವುದು, ಇಷ್ಟೇ. ನಿನ್ನೆ ಸಂಜೆ ಗೋಣಿಚೀಲ ಸರಿಸಿ, ಹೆಗಲ ಮೇಲಿನ ಟವೆಲಿನಿಂದ ಯಂತ್ರದ ಬಾಯಿ ಒರೆಸಿ, ಆದೇಶಕ್ಕೆ ಭಂಗ ಬಾರದಂತೆ ಮತ್ತೆ ಮುಚ್ಚಿದ್ದನ್ನು ಈ ಕೆಳಗೆ ಸಹಿ ಮಾಡಿದವರು ಕಿಟಕಿಯಿಂದ ಕಂಡಿರುತ್ತಾರೆ. ಇದಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ತಿಳಿದುಬಂದಿಲ್ಲ.

7. ಇಂದು ಬೆಳಗ್ಗೆ ಸ್ವತಃ ದೂರುದಾರರೇ ಒಂದು ಪೊರಕೆಯನ್ನು ಯಂತ್ರದ ಪಕ್ಕಕ್ಕಿಟ್ಟು, "ಸವೆದೋಗಿದೆ, ಬೇಕಾದ್ರೆ ಹಾಕ್ಕೊಳ್ಳಲಿ" ಎಂದು ಯಾರಿಗೂ ಹೇಳದಂತೆ ಹೇಳಿ ಒಳಗೆ ಹೋಗಿರುತ್ತಾರೆ. ಪೊರಕೆ ಹೊಸದು.

8. ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ, ಯಂತ್ರವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಈ ಮೂಲಕ ಆದೇಶಿಸಲಾಗಿದೆ. ಪ್ರತಿದಿನ ತಿಂಡಿಯಾದ ಮೇಲೆ, ಹಾಲು ಒಲೆಯಿಂದ ಇಳಿದಿರುವುದನ್ನು ಖಚಿತಪಡಿಸಿಕೊಂಡು, ಮನೆಯವರಲ್ಲೊಬ್ಬರು ಸರದಿಯಂತೆ ಹಿತ್ತಲ ಬಾಗಿಲಲ್ಲಿ ನಿಂತು ರೈಟ್ ಹೇಳತಕ್ಕದ್ದು. ಗಟ್ಟಿಯಾಗಿ ಹೇಳತಕ್ಕದ್ದು. ಕೆಮ್ಮು, ತಲೆಯಾಡಿಸುವುದು ಇತ್ಯಾದಿಗಳನ್ನು ಪರಿಗಣಿಸಲಾಗುವುದಿಲ್ಲ.

ಸಹಿ/-
ಸೊಸೆ
ಪ್ರಭಾರ ಅಧೀಕ್ಷಕಿ
(ಖಾಯಂ ಅಧೀಕ್ಷಕಿಯಾದ ಅತ್ತೆಯವರು ಒಪ್ಪಿದ್ದಾರೆ, ಒಪ್ಪಿದ್ದಾರೆಂದು ಹೇಳಬಾರದೆಂದೂ ತಿಳಿಸಿದ್ದಾರೆ)

ಪ್ರತಿಗಳು:
ಅಂಗಡಿಯವರಿಗೆ: ನಾಳೆ ಗಾಡಿ ಕಳಿಸುವುದು ಬೇಡ.
ಪಕ್ಕದ ಮನೆಯವರಿಗೆ: ಮರದ ಬಗ್ಗೆ ವಿಷಾದದೊಂದಿಗೆ. ಉದುರಿದ ಎಲೆ ದಯವಿಟ್ಟು ಎಸೆಯಬೇಡಿ.
ದರ್ಜಿಯವರ ಮಗಳು ಮತ್ತು ಅಳಿಯಂದಿರಿಗೆ: ಒಂದು ದಿನ ತಡವಾದ ಶುಭಾಶಯಗಳೊಂದಿಗೆ.
ಅತ್ತೆಯವರಿಗೆ: ಇನ್ನೊಂದು ಪೊರಕೆ ಮಂಜೂರಾಗಿದೆ.
ಮಾವನವರಿಗೆ, ಹಿತ್ತಲ ಬಾಗಿಲಲ್ಲಿ ಖುದ್ದಾಗಿ: ರೈಟ್.